ಉಡಚವ್ವನ ಚಾಳೀಸು

ತಿಳವಳ್ಳಿಯಲ್ಲಿ ಕೌದಿ ಹೊಲಿಯುವುದೆಂದರೆ ಉಡಚವ್ವ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಆಕೆ ಹಾಕುವ ಹೊಲಿಗೆಗಾಗಿ ಚಿಕ್ಕೇರೂರಿನಿಂದಲೂ ಜನ ಬರುತ್ತಿದ್ದರು. ನಲವತ್ತು ದಾಟಿದ ಮೇಲೆ ಆಕೆಗೆ ಸೂಜಿಯ ಕಣ್ಣು ಕಾಣದಾಯಿತು. ಕೈ ಚಾಚಿ ದೂರ ಹಿಡಿದರೆ ಕಾಣುತ್ತಿತ್ತು, ಆದರೆ ಹಾಗೆ ಹಿಡಿದು ಹೊಲಿಯುವುದು ಹೇಗೆ? ಇದನ್ನು ಆಕೆ ಯಾರಿಗೂ ಹೇಳಲಿಲ್ಲ, ಹೊಲಿಗೆ ಮಾತ್ರ ಸೊಟ್ಟಗಾಗತೊಡಗಿತು.

ಆ ವರ್ಷ ನೆರೆಮನೆಯ ಚೌಡವ್ವ ಮಗಳ ಬಾಣಂತನಕ್ಕೆ ಕೌದಿ ಬೇಕೆಂದು ಸೀರೆಯ ಗಂಟು ತಂದವಳು, ಅದನ್ನು ಉಡಚವ್ವನ ಕಣ್ಣೆದುರೇ ಶಾರವ್ವನ ಕೈಗಿಟ್ಟಳು. ಶಾರವ್ವ ಉಡಚವ್ವನ ಮೈದುನ ಮಾಳಪ್ಪನ ಹೆಂಡತಿ. ಆಕೆಗೆ ಸೂಜಿ ಹಿಡಿಯಲು ಕಲಿಸಿದವಳೇ ಉಡಚವ್ವ.

ಮರುದಿನ ಬಾವಿಯ ದಾರಿಯಲ್ಲಿ ಶಾರವ್ವ ಮಾತಾಡಿಸದೆ ಹೋದಳು. ಉಡಚವ್ವ ಮನೆಗೆ ಬಂದು ಕೊಡ ಕುಕ್ಕಿದಳು.

“ಅಕೀ ಸೊಕ್ಕು ನೋಡ್ರಿ! ನಾ ಎದುರಿಗೆ ಬಂದ್ರೂ ಕಾಣದಂಗ ಹೋದ್ಲು,” ಎಂದು ಗಂಡ ಗುತ್ತೆಪ್ಪನ ಮುಂದೆ ಸಿಡಿದಳು. ಅವನು ಎತ್ತಿಗೆ ಮೇವು ಹಾಕಲು ಎದ್ದು ಹೋದ. ಅದೂ ಆಕೆಗೆ ಸೇರಲಿಲ್ಲ.

ಕೆಲವು ದಿನಗಳಲ್ಲಿ ಶಾರವ್ವ ಎದುರು ಬಂದ ಚಕ್ಕಡಿ ಕಾಣದೆ ಬಿದ್ದು ಮೊಣಕಾಲು ಒಡೆದುಕೊಂಡಳು. ಗಾಬರಿಯಾದ ಮಾಳಪ್ಪ ಅವಳನ್ನು ಹಾನಗಲ್ಲಿನ ಕಣ್ಣಿನ ಶಿಬಿರಕ್ಕೆ ಹೊರಡಿಸಿದ.

“ಅಕೀನ್ನಷ್ಟ ಕರಕೊಂಡು ಹೊಂಟೀಯೇನು? ನಾನೂ ಬರ್ತೇನಿ,” ಎಂದು ಉಡಚವ್ವ ಬಸ್ಸು ಹತ್ತಿದಳು. ಶಾರವ್ವನಿಗೆ ಸಿಕ್ಕಿದ್ದು ತನಗೆ ತಪ್ಪಬಾರದು, ಅಷ್ಟೇ.

ಇಬ್ಬರನ್ನೂ ಪರೀಕ್ಷಿಸಿದ ಡಾಕ್ಟರು ಉಡಚವ್ವನಿಗೆ ಹೇಳಿದರು: “ಅವ್ವಾ, ನಿಮಗ ಚಾಳೀಸ ಬಂದೈತಿ. ವಯಸ್ಸಿಗೆ ಎಲ್ಲಾರಿಗೂ ಹತ್ತಿರದ್ದು ಮಸುಕಾಗತೈತಿ. ಹೊಲಿಯುವಾಗ ಈ ಚಸ್ಮಾ ಹಾಕ್ಕೋರಿ. ಈ ತಂಗೀದು ಉಲ್ಟಾ. ಹತ್ತಿರದ್ದು ಚಲೋ ಕಾಣತೈತಿ, ದೂರದವರ ಮುಖ ಗುರ್ತು ಹತ್ತೂದಿಲ್ಲ. ಸಣ್ಣಾಕಿ ಇದ್ದಾಗಿಂದ ಹಿಂಗ ಇರಬೇಕು. ಇಕಿಗೆ ಬ್ಯಾರೆ ಗಾಜು ಬೇಕು.”

ಪರೀಕ್ಷೆಯ ಗಾಜು ಹಾಕಿಕೊಂಡ ಶಾರವ್ವ ಕಿಟಕಿಯತ್ತ ತಿರುಗಿ ಚೀರಿದಳು. “ಅಕ್ಕಾರ, ಬೇವಿನ ಗಿಡದಾಗ ಎಲಿ ಒಂದೊಂದೂ ಬ್ಯಾರೆ ಕಾಣಾಕತ್ತಾವ!”

ಹಾಗಾದರೆ ಬಾವಿಯ ದಾರಿಯಲ್ಲಿ ಅವಳಿಗೆ ತಾನು ಕಂಡೇ ಇರಲಿಲ್ಲ. ಉಡಚವ್ವನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇಷ್ಟು ದಿನ ಸಿಟ್ಟಿಗೆ ಒಂದು ಕಾರಣವಾದರೂ ಇತ್ತು.

ಊರಿಗೆ ಬಂದವಳೇ ಚಸ್ಮಾ ಏರಿಸಿ, ಶಾರವ್ವ ಚೌಡವ್ವನಿಗಾಗಿ ಹೊಲಿದಿಟ್ಟಿದ್ದ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಒಂದು ತಪ್ಪು ಸಿಕ್ಕರೆ ಸಾಕಿತ್ತು. ಅಂಚು, ಮೂಲೆ, ಒಳಪದರ ಎಲ್ಲವನ್ನೂ ತಿರುವಿ ನೋಡಿದಳು. ಎಲ್ಲಿಯೂ ಹೊಲಿಗೆ ಸೊಟ್ಟಗಾಗಿರಲಿಲ್ಲ. ಇಷ್ಟು ಸಣ್ಣ ಹೊಲಿಗೆ ತಾನು ಎಂದೂ ಹಾಕಿರಲಿಲ್ಲ ಎಂಬುದೂ ಈಗ ಸ್ಪಷ್ಟವಾಗಿ ಕಂಡಿತು.

ಅಷ್ಟರಲ್ಲಿ ಚೌಡವ್ವ ಬಂದಳು. “ಹೆಂಗೈತಿ ಉಡಚವ್ವ? ಬಾಳಿಕಿ ಬರತೈತೇನು?”

ಬರುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಶಾರವ್ವ ಬಾಗಿಲಲ್ಲಿ ನಿಂತು ಇವಳನ್ನೇ ನೋಡುತ್ತಿದ್ದಳು.

“ಬರತೈತಿ. ಚಲೋ ಹೊಲದಾಳ,” ಎಂದಳು ಉಡಚವ್ವ. ಮುಖ ಮಾತ್ರ ಬಿಗಿದೇ ಇತ್ತು.

ಚೌಡವ್ವ ಮುಂದಿನ ಕೌದಿಯನ್ನೂ ಶಾರವ್ವನಿಗೇ ಒಪ್ಪಿಸಿ ಹೋದಳು. ಉಡಚವ್ವ ಎದ್ದು ಗೂಟದ ಮೇಲಿದ್ದ ತನ್ನ ಹಳೆಯ ಸೀರೆಗಳನ್ನು ಇಳಿಸಿ ಪಡಸಾಲೆಯ ತುಂಬ ಹಾಸಿದಳು. ದಾರ ಮೊದಲ ಸಲಕ್ಕೇ ಸೂಜಿಯ ಕಣ್ಣು ಹೊಕ್ಕಿತು. ಈ ಸಲ ಶಾರವ್ವನದಕ್ಕಿಂತ ಸಣ್ಣ ಹೊಲಿಗೆ ಹಾಕಬೇಕು.

“ಯಾರಿಗ್ರಿ ಅಕ್ಕಾರ, ಇಷ್ಟು ದೊಡ್ಡದು?” ಶಾರವ್ವ ಕೇಳಿದಳು.

“ಹೊಲಿದ ಮ್ಯಾಲ ಹೇಳ್ತೇನಿ. ಬೆಳಕಿಗೆ ಅಡ್ಡ ನಿಂದರಬ್ಯಾಡ, ಅತ್ತಾಗ ಸರಿ.”