ಹಿಟ್ಟಿನ ಡಬ್ಬಿಯ ಕೆಳಗೆ

"ಕೈ ತೊಳದೀರೇನ್ ಎಲ್ಲಾರು?" ಎಂದು ದೊಡ್ಡವ್ವ ಕೇಳಿದಾಗ ಸೇವಂತಿ ಒದ್ದೆಯಿಲ್ಲದ ಕೈಗಳನ್ನು ಇನ್ನೊಮ್ಮೆ ಸೆರಗಿಗೆ ಒರೆಸಿಕೊಂಡಳು. ಮುಂಬಯಿಯ ಭಾಂಡುಪಿನ ಚಾಳಿನ ಮೂರನೆಯ ಮಾಳಿಗೆಯಲ್ಲಿ ಅವರ ಒಂದೇ ಕೋಣೆಯ ಖೋಲಿ. ನಡುವೆ ಬಿಳಿ ಟವೆಲ್ ಹಾಸಿದ ಮಣೆ, ಮಣೆಯ ಮೇಲೆ ಸತ್ಯವೇದ. ಬೆಳಗಿನಿಂದ ಯಾರೂ ಏನೂ ತಿಂದಿರಲಿಲ್ಲ. ಅಣ್ಣನ ಮಕ್ಕಳಿಬ್ಬರಿಗೆ ಮಾತ್ರ ಚರ್ಚಿನಿಂದ ಬರುವಾಗ ಪಾವ್ ಕೊಡಿಸಿ ಬಾಗಿಲ ಹೊರಗಿನ ಗ್ಯಾಲರಿಗೆ ಅಟ್ಟಿದ್ದರು.

ದೊಡ್ಡ ವಿಷಯಗಳಿಗೆಲ್ಲ ಈ ಮನೆಯಲ್ಲಿ ಬೆರಳು ಇಡುವುದೇ ಪದ್ಧತಿ. ದೊಡ್ಡವ್ವ ಲಕ್ಷ್ಮವ್ವ ಕಣ್ಣು ಮುಚ್ಚಿ ಪುಸ್ತಕ ತೆರೆದು ಒಂದು ಸಾಲಿನ ಮೇಲೆ ಬೆರಳು ಇಡುವಳು. ಆ ಸಾಲು ಏನು ಹೇಳಿತೋ ಅದೇ ನಿರ್ಣಯ. ಹುಮನಾಬಾದಿನ ಕಡೆಯ ಊರು ಬಿಟ್ಟು ಮುಂಬಯಿಗೆ ಬಂದದ್ದು, ಅಣ್ಣ ಸಾಯಬಣ್ಣನ ಮದುವೆ, ಈ ಖೋಲಿ ಹಿಡಿದದ್ದು, ಎಲ್ಲ ಹಾಗೆಯೇ. ಕಣ್ಣಿಗೆ ಪೊರೆ ಬಂದ ಮೇಲೆ ಬೆರಳು ದೊಡ್ಡವ್ವನದು, ಓದು ಸೇವಂತಿಯದು. ಅವಳು ಏಳನೆಯದು ಪಾಸಾದ ವರ್ಷವೇ ಅಣ್ಣನ ಹೆಂಡತಿ, ವೈನಿ ಕಸ್ತೂರಿಬಾಯಿ, ಬಾಣಂತನ ಮುಗಿಸಿ ಕಾರ್ಖಾನೆಗೆ ಮರಳಿದ್ದಳು. ಮಗು ನೋಡಿಕೊಳ್ಳಲು ಶಾಲೆ ಬಿಟ್ಟ ಸೇವಂತಿಗೆ ಓದಲು ಉಳಿದದ್ದು ಅದೊಂದೇ ಪುಸ್ತಕ.

ಇವತ್ತಿನ ವಿಷಯ ಅವಳದೇ. ಅವರ ಚರ್ಚಿನ ನೀಲಾವತಿ ಸಿಸ್ಟರ್ ಬಾಂದ್ರಾದ ಆಸ್ಪತ್ರೆಯೊಂದರಲ್ಲಿ ನರ್ಸ್. ನರ್ಸುಗಳ ಕೈಕೆಳಗೆ ಕೆಲಸ ಕಲಿಯಲು ಅಲ್ಲಿ ಏಳನೆಯದು ಪಾಸಾದ ಹುಡುಗಿಯರನ್ನು ತೆಗೆದುಕೊಳ್ಳುತ್ತಿದ್ದರು. ಎರಡು ವರ್ಷ ಹಾಸ್ಟೆಲಿನಲ್ಲಿ ಇರುವುದು, ಆಮೇಲೆ ಕೆಲಸ. ಸೇವಂತಿಗೆಂದು ಒಂದು ಜಾಗ ಹಿಡಿದಿಟ್ಟಿದ್ದ ಸಿಸ್ಟರ್ ಸಂಜೆ ಉತ್ತರ ಕೇಳಲು ಬರುವವಳಿದ್ದಳು.

"ನಾ ಏನೂ ಬ್ಯಾಡ ಅನ್ನಂಗಿಲ್ಲಪಾ," ಎಂದಳು ವೈನಿ, ಟವೆಲಿನ ಸುಕ್ಕು ತೀಡುತ್ತ. ತಗಡಿಗೆ ಕೊಯ್ದ ಅವಳ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. "ಆಕಿ ಹೋದ್ರ ನಾ ಕೆಲ್ಸ ಬಿಟ್ಟು ಮನ್ಯಾಗ ಕೂಡ್ತೀನಿ. ನನಗೂ ಆರಾಮ. ಇವರೊಬ್ಬರ ಪಗಾರದಾಗ ಎಲ್ಲಾರೂ ಗಾಳಿ ಕುಡ್ದು ಇರೂಣು."

"ದೇವರ ಮುಂದ ಕುಂತು ಚುಚ್ಚಬ್ಯಾಡ," ಎಂದ ಸಾಯಬಣ್ಣ, ಯಾರನ್ನೂ ನೋಡದೆ.

"ಚುಚ್ಚಲಿಕ್ಕ ನಾ ಏನು ನರ್ಸ್ ಬಾಯೇನ್?"

ಸೇವಂತಿ ತಲೆ ಎತ್ತಲಿಲ್ಲ. ಹತ್ತು ದಿನಗಳಿಂದ ಅವಳು ಯಾರಿಗೂ ಕಾಣದಂತೆ ಒಂದು ಕೆಲಸ ಮಾಡುತ್ತ ಬಂದಿದ್ದಳು. ಮಧ್ಯಾಹ್ನ ಮಕ್ಕಳು ಮಲಗಿ, ದೊಡ್ಡವ್ವ ಗ್ಯಾಲರಿಯಲ್ಲಿ ತೂಕಡಿಸುವ ಹೊತ್ತಿಗೆ ಸತ್ಯವೇದವನ್ನು ಒಂದೇ ಪುಟಕ್ಕೆ ತೆರೆದು ಅಡುಗೆಯ ಮೂಲೆಯಲ್ಲಿ ಅಂಗಾತ ಇಟ್ಟು, ಅದರ ಮೇಲೆ ಜೋಳದ ಹಿಟ್ಟಿನ ಡಬ್ಬಿ ಹೇರುತ್ತಿದ್ದಳು. ನಿನ್ನ ಬಳಗವನ್ನೂ ತಂದೆಯ ಮನೆಯನ್ನೂ ಬಿಟ್ಟು ನಾನು ತೋರಿಸುವ ಕಡೆಗೆ ಹೊರಡು ಎಂದು ದೇವರು ಒಬ್ಬ ಮುದುಕನಿಗೆ ಹೇಳುವ ಪುಟ ಅದು. ಭಾರ ಬಿದ್ದ ಪುಟಕ್ಕೆ ಪುಸ್ತಕ ತಾನಾಗಿ ತೆರೆದುಕೊಳ್ಳುತ್ತದೆ. ಇನ್ನೊಂದನ್ನೂ ಅವಳು ನೋಡಿಟ್ಟುಕೊಂಡಿದ್ದಳು. ಕಣ್ಣು ಮಂಜಾದ ಮೇಲೆ ದೊಡ್ಡವ್ವನ ಬೆರಳು ಯಾವಾಗಲೂ ಬಲಪುಟದ ತಲೆಯಲ್ಲೇ ಇಳಿಯುತ್ತಿತ್ತು. ಆ ಸಾಲು ಇದ್ದದ್ದೂ ಅಲ್ಲಿಯೇ. ಇದು ಪಾಪವೋ ಎಂದು ಕೇಳಲು ಅವಳಿಗೆ ಯಾರೂ ಇರಲಿಲ್ಲ. ಕೇಳುವುದಿದ್ದರೂ ಬೆರಳೇ ಇಡಬೇಕಿತ್ತು.

ದೊಡ್ಡವ್ವ ಪ್ರಾರ್ಥನೆ ಮುಗಿಸಿ "ಆಮೆನ್" ಎಂದಳು. ಕೈ ಸೋಕಿದ್ದೇ ತಡ, ಪುಸ್ತಕ ಎರಡಾಗಿ ಬಿದ್ದು ಅಂಗಾತ ಮಲಗಿತು. ದೊಡ್ಡವ್ವನ ಕೈ ಅರೆಗಳಿಗೆ ಹಾಗೇ ನಿಂತಿತು. ಬೆರಳು ನಡುವಿನ ಮಡಿಕೆಯಲ್ಲಿ ಒಮ್ಮೆ ಓಡಾಡಿ ಬಲಪುಟದ ತಲೆಗೆ ಬಂತು. ಬೆರಳು ಅಲ್ಲಿ ನಿಲ್ಲಲಿಲ್ಲ. ನಾಲ್ಕು ಬೆರಳಗಲ ಕೆಳಗೆ ಜಾರಿ ಕೂತಿತು.

"ಓದವಾ."

ಅದೇ ಮುದುಕನ ಕಥೆ. ಹೇಳಿದ ಕಡೆ ಹೋದವನಿಗೆ ಅಲ್ಲಿ ಬರಗಾಲ ಬಂದು, ಇನ್ನೊಂದು ದೇಶಕ್ಕೆ ಇಳಿಯುವಾಗ ಹೆಂಡತಿಗೆ ಹೇಳುವ ಮಾತು: ನೀನು ನನ್ನ ತಂಗಿ ಎಂದು ಹೇಳು, ನಿನ್ನಿಂದ ನನಗೆ ಒಳ್ಳೆಯದಾಗಲಿ, ನಿನ್ನಿಂದ ನನ್ನ ಜೀವ ಉಳಿಯಲಿ.

ಎದುರಿಗೆ ಕೂತ ಅಣ್ಣನಿಗೆ ಅಕ್ಷರಗಳೆಲ್ಲ ತಲೆಕೆಳಗು. ವೈನಿಗೆ ಓದು ಬಾರದು. ಮೇಲಿನ ಸಾಲನ್ನು ಓದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಐದು ವರ್ಷ ಬೆರಳಿನ ಕೆಳಗಿದ್ದುದನ್ನೇ ಓದಿದ ಬಾಯಿ ಬೇರೆ ಕಡೆ ತಿರುಗಲಿಲ್ಲ. ಇದ್ದುದನ್ನೇ ಓದಿದಳು.

"ತಂಗಿ ಅಂತ ಬಂತಲ್ಲ!" ವೈನಿ ಮೊಣಕಾಲ ಮೇಲೆ ಎದ್ದಳು. "ತಂಗಿ ಇದ್ರ ಅಣ್ಣನ ಜೀವ ಉಳೀತದಂತ. ಇನ್ನೇನ್ ಬಿಡಿಸಿ ಹೇಳ್ಬೇಕು ದೇವ್ರು? ಖೋಲಿ ನಂಬರ್ ಬರಿಬೇಕೇನ್?"

"ಅದು ಬ್ಯಾರೆ ಕತಿ ಅದ," ಎಂದ ಸಾಯಬಣ್ಣ ಮೆಲ್ಲಗೆ. "ದೊಡ್ಡವ್ವ, ನೀ ಏನಂತಿ?"

"ಬಂದದ್ದು ಬಂತು," ಎಂದಳು ದೊಡ್ಡವ್ವ. ಸಾಯಬಣ್ಣ ತಂಗಿಯ ಕಡೆ ನೋಡಿದ; ಅವಳು ನೋಡುವಷ್ಟರಲ್ಲಿ ಟವೆಲ್ ಮಡಚತೊಡಗಿದ್ದ. ವೈನಿ ಸ್ಟೋವಿಗೆ ಪಂಪು ಹೊಡೆದಳು.

ಸೇವಂತಿ ದೊಡ್ಡವ್ವನನ್ನು ಗೋಡೆ ಹಿಡಿಸಿ ಗ್ಯಾಲರಿಗೆ ಕರೆದೊಯ್ದು ಕೂರಿಸುವಾಗ ಮುದುಕಿ ಅವಳ ಮಣಿಕಟ್ಟು ಬಿಡಲಿಲ್ಲ. ಇನ್ನೊಂದು ಕೈಯ ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ಉಜ್ಜುತ್ತಿದ್ದವು.

"ಜ್ವಾಳದ ಹಿಟ್ಟು," ಎಂದಳು, ಕೆಳದನಿಯಲ್ಲಿ. "ಮಡಿಕ್ಯಾಗ ಇತ್ತು."

ಸೇವಂತಿ ಬಾಗಿಲ ಕಡೆ ತಿರುಗಿ ನೋಡಿದಳು.

"ನಲವತ್ತು ವರ್ಷ ಆತು, ಆ ಪುಸ್ತಕ ಹಂಗ ಅಂಗಾತ ಬಿದ್ದಿದ್ದಿಲ್ಲ. ಎಡಗಡಿ ಕೈಗೆ ಸಿಕ್ಕದ್ದು ನಾಕೇ ಹಾಳಿ. ಅಷ್ಟರಾಗ ನಿನಗ ಬೇಕಾದ ಸಾಲು ಯಾವ್ದು ಅಂತ ನನಗ ಗೊತ್ತಾಗಂಗಿಲ್ಲೇನು? ಎಲ್ಲಾ ಬಾಯಿಪಾಠ ಅದ."

"ದೊಡ್ಡವ್ವ..."

"ಬೆರಳು ನಾನೇ ಜಾರಿಸ್ದೆ."

ಕೆಳಗೆ ನಳಕ್ಕೆ ನೀರು ಬಂದು ಕೊಡಗಳ ಸಾಲಿನಲ್ಲಿ ಜಗಳ ಶುರುವಾಗಿತ್ತು.

"ಮುಂಜಾನೆ ಆ ತುದಿ ಸಂಡಾಸಿಗೆ ನನ್ನ ಕೈ ಹಿಡದು ಯಾರು ಒಯ್ಯಬೇಕು?" ಎಂದಳು ದೊಡ್ಡವ್ವ. "ನಿನ್ನ ವೈನಿ? ಆಕಿ ಒಂದಿನ ಊರ ಗಾಡಿಗೆ ಹತ್ತಿಸಿ ಬಿಡ್ತಾಳ ನನಗ. ಹೇಳು ಬೇಕಾದ್ರ ನಿಮ್ಮಣ್ಣಗ. ಒಳಗೇ ಹಾನ."

ಹೇಳಬಹುದಿತ್ತು. ಹೇಳಿದರೆ ಡಬ್ಬಿಯ ಮಾತೂ ಹೇಳಬೇಕಿತ್ತು. ಸೇವಂತಿ ಮುದುಕಿಯ ಬೆರಳುಗಳನ್ನು ತನ್ನ ಸೆರಗಿನಿಂದ ಒರೆಸಿದಳು.

ನೀಲಾವತಿ ಸಿಸ್ಟರ್ ಐದಕ್ಕೆ ಬಂದಳು. ಮೂರು ಮಾಳಿಗೆ ಹತ್ತಿ ಏದುಸಿರು ಬಿಡುತ್ತಲೇ ನಕ್ಕಳು. "ಏನವಾ ಸ್ಟೂಡೆಂಟ್, ಟ್ರಂಕ್ ಕಟ್ಟಿದ್ಯೇನ್? ಹಾಸ್ಟೆಲ್‌ನಾಗ ಮುಂಜಾನೆ ಐದಕ್ಕ ಗಂಟಿ ಹೊಡೀತಾರ, ಮತ್ತ ಅಳಬ್ಯಾಡ."

"ವಾಕ್ಯ ಬ್ಯಾರೆ ಬಂತ್ರಿ ಸಿಸ್ಟರ್," ಎಂದ ಸಾಯಬಣ್ಣ ಬಾಗಿಲಲ್ಲಿ ನಿಂತು.

"ನಿಮಗ ಕೇಳ್ಲಿಲ್ಲ ನಾ, ಅಣ್ಣಾವರ. ಸೇವಂತಿ, ನೀ ಹೇಳು. ನಾಳಿ ಮುಂಜಾನೆ ಹೆಸರು ಕೊಡ್ಬೇಕು. ಬರ್ತೀ, ಇಲ್ಲ?"

ದೊಡ್ಡವ್ವನ ಕೈ ಹಿಂದಿನಿಂದ ಅವಳ ಸೆರಗಿನ ತುದಿ ಹುಡುಕಿ ಹಿಡಿಯಿತು. ಎಳೆಯಲಿಲ್ಲ, ಹಿಡಿಯಿತು ಅಷ್ಟೆ. ಸಿಸ್ಟರಿನ ಕೊರಳ ಬೆವರು, ಕೈಯಲ್ಲಿದ್ದ ಬಾಂದ್ರಾದ ರಿಟರ್ನ್ ಟಿಕೀಟು, ಚಪ್ಪಲಿಯ ಸ್ವಚ್ಛ ಹಿಮ್ಮಡಿ, ಎಲ್ಲವನ್ನೂ ಸೇವಂತಿ ನೋಡಿದಳು. ಸ್ಟೇಷನ್ನಿನ ಕಡೆ ಲೋಕಲ್ ಒಂದು ನಿಂತು ಹೊರಟ ಸದ್ದು ಕೇಳಿತು.

"ವಾಕ್ಯ ಹಂಗೇ ಬಂತ್ರಿ," ಎಂದಳು.

ಸಿಸ್ಟರ್ ಟಿಕೀಟನ್ನು ಪರ್ಸಿಗೆ ಹಾಕಿದಳು. ಕಟ್ಟಿಗೆಯ ಮೆಟ್ಟಿಲುಗಳ ಮೇಲೆ ಅವಳ ಹೆಜ್ಜೆಗಳು ಒಂದೊಂದೇ ಮಾಳಿಗೆ ಇಳಿದವು. ಕೊನೆಯ ಮೆಟ್ಟಿಲೂ ಸುಮ್ಮನಾದ ಮೇಲೆ ಸೆರಗು ಹಿಡಿದ ಕೈ ಸಡಿಲವಾಯಿತು.

"ರೊಟ್ಟಿಗೆ ಹಿಟ್ಟು ತಗೀ," ಎಂದು ವೈನಿ ಒಳಗಿಂದ ಕೂಗಿದಳು. ಯಾಕೋ ಇವತ್ತು ಅವಳ ದನಿ ಮೆತ್ತಗಿತ್ತು.

ಸೇವಂತಿ ಒಳಗೆ ಹೋಗಿ ಡಬ್ಬಿಯನ್ನು ಮುಂದಕ್ಕೆ ಎಳೆದುಕೊಂಡಳು. ನಿನ್ನೆ ಮಧ್ಯಾಹ್ನ ಉದುರಿದ ಹಿಟ್ಟು ಮೂಲೆಯ ಕಲ್ಲಿನ ಮೇಲೆ ತೆಳ್ಳಗೆ ಹರಡಿತ್ತು. ಅದರ ನಡುವೆ, ತೆರೆದಿಟ್ಟ ಪುಸ್ತಕದಷ್ಟು ಅಗಲದ ಜಾಗ ಮಾತ್ರ ಕಪ್ಪಗೆ, ಸ್ವಚ್ಛವಾಗಿತ್ತು. ರೊಟ್ಟಿ ನಾದುವ ಪರಾತಕ್ಕೆ ನಾಲ್ಕು ಹಿಡಿ ಹಿಟ್ಟು ಹಾಕಿಕೊಂಡು ಅವಳು ಡಬ್ಬಿಯನ್ನು ಮತ್ತೆ ಆ ಜಾಗದ ಮೇಲೆಯೇ ಸರಿಸಿ ಇಟ್ಟಳು.