ಫುಲ್ ಟ್ಯಾಂಕ್

ಕಾಲುವೆಯಿಂದ ಕ್ರೇನ್ ಹಾಕಿ ಎತ್ತಿದ ಪಿಕಪ್ಪನ್ನು ತಾಯಪ್ಪ ಶಹಾಪುರದ ಗ್ಯಾರೇಜಿಗೆ ಎಳೆಸಿ ತಂದಿದ್ದ. ಅದರೊಳಗೇ ಅವನ ಅಣ್ಣ ಮುಳುಗಿ ಸತ್ತಿದ್ದ. ಅಂಥ ಗಾಡಿಯನ್ನು ಮತ್ತೆ ಓಡಿಸುತ್ತೇನೆನ್ನುವವನ ಮೇಲೆ ಮಿಸ್ತ್ರಿ ಮಸ್ತಾನಸಾಬನಿಗೆ ಸಿಟ್ಟೇ ಬಂದಿತ್ತು. ಆದರೂ ಕೆಲಸ ಹಿಡಿದ.

"ಮೀಟರಿನ ಒಂದು ಮುಳ್ಳೂ ಏಳವಲ್ದ್ರಿ," ಎಂದ ತಾಯಪ್ಪ.

ಮಸ್ತಾನಸಾಬ ಹೊಸ ಬ್ಯಾಟರಿ ಕೂಡಿಸಿ, ತುಕ್ಕು ಹಿಡಿದ ಅರ್ಥಿಂಗ್ ವೈರನ್ನು ಕೆರೆದು ಬಿಗಿದ. ಚಾವಿ ತಿರುಗಿಸಿದೊಡನೆ ಡೀಸೆಲ್ ಮುಳ್ಳು ಏರಿ ಫುಲ್‌ಗೆ ನಿಂತಿತು.

"ಇದು ಸುಳ್ಳು ಹೇಳಾಕತ್ತದ. ನಮ್ಮಣ್ಣ ಯಾವತ್ತೂ ಫುಲ್ ಟ್ಯಾಂಕ್ ಹಾಕ್ಸಿದಾಂವಲ್ಲ."

"ಮುಳ್ಳು ಖರೇನೇ ಹೇಳ್ತದ," ಎಂದು ಮಸ್ತಾನಸಾಬ ಗಾಡಿಯಡಿ ತೂರಿ ಟ್ಯಾಂಕಿನ ಬೋಲ್ಟ್ ಸಡಿಲಿಸಿದ. ಕೆಸರು ಬೆರೆತ ಕಾಲುವೆ ನೀರು ಬುಳಬುಳನೆ ಸುರಿಯಿತು.

ತಾಯಪ್ಪ ಅದನ್ನೇ ನೋಡುತ್ತ ಕುಕ್ಕರಿಸಿದ.

"ಅಣ್ಣನ ಮೂಗಿನ್ಯಾಗಿಂದನೂ ಇಂಥಾದೇ ಬಂತ್ರಿ," ಎಂದ.