ಬೀಗ ಹಾಕಿದ ಮನೆಗಳ ಅಂದಾಜು

ಗಂಡನಿಗೆ ಕೇಡು ಬಗೆಯಬೇಕೆಂದು ಆತಿಕಾ ಅವನ ಮಾತನ್ನು ವರದಿಗೆ ಸೇರಿಸಿರಲಿಲ್ಲ. ಮಾತು ನಿಜವಾಗಿತ್ತು, ಕೆಲಸಕ್ಕೆ ಬರುವಂತಿತ್ತು. ಅಷ್ಟೇ.

ಅವಳು ಗರುಡಾಚಾರ್‌ಪಾಳ್ಯದ ಒಂದು ಸಲಹಾ ಕಂಪನಿಯಲ್ಲಿದ್ದಳು. ನಗರದ ಪೂರ್ವಕ್ಕೆ ಪೈಪಿನಲ್ಲಿ ಅಡುಗೆ ಗ್ಯಾಸ್ ಮಾರುವ ಕಂಪನಿಗಳು ಹಲವು, ಪೈಪು ಮಾತ್ರ ಒಂದೇ. ಯಾರ ಗಿರಾಕಿ ಎಷ್ಟು ಉರಿಸಿದ ಎಂಬುದು ಮೀಟರ್ ಓದುವ ತನಕ ತಿಳಿಯದು. ಹಾಗಾಗಿ ಕಂಪನಿಗಳು ಅಂದಾಜಿನ ಮೇಲೆ ಲೆಕ್ಕ ಹಂಚಿಕೊಂಡು, ಆಮೇಲೆ ತಿಂಗಳುಗಟ್ಟಲೆ ಕಿತ್ತಾಡುತ್ತಿದ್ದವು. ಇನ್ನು ಮುಂದೆ ಮೀಟರೇ ದಿನದಿನದ ಲೆಕ್ಕ ಕಳಿಸಲಿ, ಅದರಂತೆ ಇತ್ಯರ್ಥವಾಗಲಿ ಎಂಬ ಸುಧಾರಣೆಯ ಮಾತು ಬಂತು. ಅದರ ಖರ್ಚು ಲಾಭಗಳನ್ನು ತೂಗಿ ಹೇಳುವ ಕೆಲಸ ಆತಿಕಾಳ ಪಾಲಿಗೆ ಬಂತು.

ಅವಳ ಗಂಡ ರಿಜ್ವಾನ್ ಅದೇ ಮೀಟರುಗಳನ್ನು ಓದುವವನು. ಶಿವಾಜಿನಗರದ ಮನೆಯಲ್ಲಿ ಊಟಕ್ಕೆ ಕೂತರೆ ದಿನದ ಕಥೆಯೆಲ್ಲ ಹೇಳಿ ನಗಿಸುತ್ತಿದ್ದ.

“ಇಂದಿರಾನಗರದಲ್ಲಿ ಇವತ್ತು ಅರ್ಧ ಮನೆಗೆ ಬೀಗ. ಮತ್ತೆ ಯಾರ್ ಹೋಗ್ತಾರೆ? ಒಂದು ಅಂದಾಜು ಹಾಕ್ಬಿಟ್ವಿ. ಜಟ್ಟೆಪ್ಪ ಅಂತೂ ಬಾಲ್ಕನೀಲಿ ಒಣಗೋ ಬಟ್ಟೆ ನೋಡಿ, ಮನೇಲಿ ಎಷ್ಟ್ ಜನ ಇದಾರೆ ಅಂತ ರೀಡಿಂಗ್ ಬರೀತಾನೆ!”

ಜಟ್ಟೆಪ್ಪ ಯಾದಗಿರಿ ಕಡೆಯವನು, ರಿಜ್ವಾನನ ಜೊತೆಗಾರ. ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಿಂದ ಹೆಂಡತಿ ಪೀರಮ್ಮನನ್ನು ಕರೆದುಕೊಂಡು ಪ್ರತಿ ರಂಜಾನ್ ಹಬ್ಬಕ್ಕೂ ಇವರ ಮನೆಗೆ ಶೀರ್ ಖುರ್ಮಾ ತಿನ್ನಲು ಬರುತ್ತಿದ್ದ.

ಆಫೀಸಿನಲ್ಲಿ ಮೇಲಧಿಕಾರಿ ಸುಕನ್ಯ ಕರಡು ನೋಡಿ ಹುಬ್ಬು ಗಂಟಿಕ್ಕಿದರು. “ರೀಡರ್‌ಗಳ ಕೆಲಸ ಹೋಗೋದನ್ನ ಕಾಸ್ಟ್‌ನಲ್ಲಿ ಯಾಕ್ ಹಾಕಿದ್ದೀಯ? ಅವರ ಸಂಬಳ ಉಳಿಯುತ್ತಲ್ಲ, ಅದು ಬೆನಿಫಿಟ್ಟು.”

“ಅವರ ಗತಿ ಏನು ಮ್ಯಾಮ್?”

“ಬೇರೆ ಕೆಲಸ ಸಿಗುತ್ತೆ ಅಂತ ಅಂದ್ಕೋಬೇಕಮ್ಮ. ಎಲ್ಲಾ ಕಡೆ ಹಾಗೇ ಮಾಡೋದು. ಆಮೇಲೆ, ಈಗಿನ ಲೆಕ್ಕ ಎಷ್ಟು ಸುಳ್ಳು ಅನ್ನೋಕೆ ಒಂದು ಒಳ್ಳೇ ಉದಾಹರಣೆ ಬೇಕಲ್ಲ?”

ತನ್ನ ಗಂಡನೂ ಆ ರೀಡರ್‌ಗಳಲ್ಲಿ ಒಬ್ಬ ಎಂದು ಆತಿಕಾ ಆಗಲೇ ಹೇಳಬಹುದಿತ್ತು. ಹೇಳಿದ್ದರೆ ಪ್ರಾಜೆಕ್ಟ್ ಕೈತಪ್ಪುತ್ತಿತ್ತು. ಅವಳು ಆ ಸಾಲನ್ನು ಲಾಭದ ಕಡೆಗೆ ಸರಿಸಿದಳು. ಉದಾಹರಣೆಗೆ ಬಾಲ್ಕನಿಯ ಬಟ್ಟೆಯನ್ನು ಬರೆದಳು.

ಹಲಸೂರಿನ ಸಭಾಂಗಣದಲ್ಲಿ ಸಾರ್ವಜನಿಕರ ಅಹವಾಲು ಕೇಳುವ ಸಭೆ ನಡೆಯಿತು. ಕಂಪನಿಯವರಷ್ಟೇ ಬರುತ್ತಾರೆಂದು ಆತಿಕಾ ಎಣಿಸಿದ್ದಳು. ಮಾತು ಶುರುಮಾಡಿದ ಮೇಲೆ ಹಿಂದಿನ ಸಾಲುಗಳು ಮೀಟರ್ ಓದುವವರ ನೀಲಿ ಅಂಗಿಗಳಿಂದ ತುಂಬಿರುವುದು ಕಂಡಿತು. ನಡುವೆ ರಿಜ್ವಾನ್ ಕೂತಿದ್ದ. ಹೆಂಡತಿಯ ಕೈಯಲ್ಲಿದ್ದ ಕೆಲಸ ಯಾವುದೆಂದು ಅವನಿಗೆ ಆ ಗಳಿಗೆಯವರೆಗೂ ತಿಳಿದಿರಲಿಲ್ಲ.

ಪರದೆಯ ಮೇಲೆ ಆ ಉದಾಹರಣೆ ಬಂತು. ಸುಕನ್ಯ ಪಕ್ಕದಲ್ಲೇ ಇದ್ದರು. ಆತಿಕಾ ಓದಿದಳು. ಮುಂದಿನ ಸಾಲಿನಲ್ಲಿ ನಗೆ ಎದ್ದಿತು.

ಜಟ್ಟೆಪ್ಪ ಎದ್ದು ನಿಂತ. “ಭಾಭಿ, ಈ ಒಣಾ ಹಾಕಿದ ಅರಬಿ ನೋಡಿ ರೀಡಿಂಗ್ ಬರಿಯೂ ಮಾತು ನಿಮಗ ಯಾರು ಹೇಳ್ಯಾರ?”

ಅತ್ತಿಗೆ ಎಂಬರ್ಥದ ಭಾಭಿ ಎಂಬ ಒಂದೇ ಮಾತಿಗೆ ನೀಲಿ ಅಂಗಿಗಳೆಲ್ಲ ರಿಜ್ವಾನನ ಕಡೆ ತಿರುಗಿದವು.

“ಮಾಹಿತಿ ಕೊಟ್ಟವರ ಹೆಸರು ಹೇಳೋ ಹಾಗಿಲ್ಲ,” ಎಂದಳು ಆತಿಕಾ. ಅದಕ್ಕಿಂತ ಸ್ಪಷ್ಟವಾಗಿ ಅವಳು ಗಂಡನ ಹೆಸರನ್ನು ಹೇಳಲು ಸಾಧ್ಯವಿರಲಿಲ್ಲ. ರಿಜ್ವಾನ್ ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ಹೋದ.

ಸುಧಾರಣೆ ಒಪ್ಪಿಗೆಯಾಯಿತು. ಆ ಉದಾಹರಣೆ ಯಾರದೆಂದು ಜಟ್ಟೆಪ್ಪ ಎದ್ದು ನಿಂತಾಗಲೇ ಕಂಪನಿಯವರಿಗೆ ತಿಳಿದಿತ್ತು. ಸುಳ್ಳು ರೀಡಿಂಗ್ ಬರೆದ ಆರೋಪದ ಮೇಲೆ ಅವನನ್ನು ಎಲ್ಲರಿಗಿಂತ ಮೊದಲು ತೆಗೆದರು, ಪರಿಹಾರವನ್ನೂ ಕೊಡಲಿಲ್ಲ. ಹೊಸ ಮೀಟರ್ ಕೂರಿಸುವ ಕೆಲಸಕ್ಕೆ ರಿಜ್ವಾನನನ್ನು ಕರೆದರು. ಚಾಡಿ ಹೇಳಿದ್ದಕ್ಕೆ ಸಿಕ್ಕ ಕೂಲಿ ಎಂದು ಜೊತೆಗಾರರು ಆಡಿಕೊಂಡರು. ಅವನು ಆ ಕೆಲಸಕ್ಕೆ ಹೋಗಲಿಲ್ಲ. ಟ್ಯಾನರಿ ರಸ್ತೆಯ ಅಣ್ಣನ ಮನೆಗೆ ಬಟ್ಟೆಬರೆ ಸಾಗಿಸಿದ. ತಾಯಿ ಜಹನಾರಾ ಬಾಗಿಲಲ್ಲಿ ನಿಂತು ಬೇಡಿಕೊಂಡರೂ “ನಕ್ಕೋ ಅಮ್ಮಿ, ಬೇಡ” ಎಂದಷ್ಟೇ ಹೇಳಿದ.

ಒಂದು ಭಾನುವಾರ ಆತಿಕಾ ಬೈಯಪ್ಪನಹಳ್ಳಿಗೆ ಹೋದಳು. ಪೀರಮ್ಮ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಜಟ್ಟೆಪ್ಪ ಗೋಡೆಗೆ ಒರಗಿ ಕೂತಿದ್ದ.

“ರಿಜ್ವಾನ್‌ಗೆ ಏನೂ ಗೊತ್ತಿರಲಿಲ್ಲ. ಮನೇಲಿ ಸುಮ್ನೆ ಮಾತಾಡಿದ್ದನ್ನ ನಾನೇ ಬರೆದದ್ದು. ಅವರ ಮೇಲೆ ಸಿಟ್ಟು ಮಾಡ್ಕೋಬೇಡಿ.”

“ನೀವು ಗಂಡನ್ನ ಬಿಟ್ಟುಕೊಡಂಗಿಲ್ಲ, ಅದು ಖರೇನ ಅದ,” ಎಂದ ಜಟ್ಟೆಪ್ಪ. ಅವಳ ಮಾತಿನಲ್ಲಿ ಒಂದನ್ನೂ ಅವನು ನಂಬಿರಲಿಲ್ಲ. “ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ರಿ. ನೀವು ನಿಮ್ಮ ಕೆಲಸ ಮಾಡೀರಿ. ಅಂವ ನನ್ನ ಗೆಳೆಯ ಇದ್ದ.”

ಪೀರಮ್ಮ ನೀರು ತಂದುಕೊಟ್ಟಳು. ಕೂರು ಎನ್ನಲಿಲ್ಲ.

ಮೆಟ್ರೋ ಮೆಟ್ಟಿಲ ಬಳಿ ಬಂದಾಗ ಸುಕನ್ಯ ಫೋನ್ ಮಾಡಿದರು. ಇನ್ನೊಂದು ಊರಿನವರು ಇಂಥದೇ ವರದಿ ಕೇಳಿದ್ದಾರೆ, ಬೆಂಗಳೂರಿನದು ಅವರಿಗೆ ಬಹಳ ಹಿಡಿಸಿದೆ, ಈ ಸಲ ನೀನೇ ಮುಂದೆ ನಿಂತು ಮಾಡಬೇಕು ಎಂದರು.

ಆತಿಕಾ ಕಣ್ಣೊರೆಸಿಕೊಂಡಳು. “ಮಾಡ್ತೀನಿ ಮ್ಯಾಮ್,” ಎಂದಳು.